ತರಗೆಲೆಯ ಕೆಳಗಿನ ಸಾಕಣೆ

ನೆಲಮಂಗಲದ ಸುತ್ತಿನ ಕೆಮ್ಮಣ್ಣಿನ ಹಿತ್ತಲುಗಳಲ್ಲಿ, ತಿಪ್ಪೆಯ ಅಂಚಿನಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ ಬಿದ್ದ ಇಟ್ಟಿಗೆಯ ಅಡಿಯಲ್ಲಿ, ಹೂಕುಂಡದ ತಳದಲ್ಲಿ ಕಾಣಸಿಗುವ, ಬೂದು ಬಣ್ಣದ, ಉದ್ದದಲ್ಲಿ ಒಂದು ಸೆಂಟಿಮೀಟರನ್ನು ಅಷ್ಟೇನೂ ಮೀರದ ಒಂದು ಬಗೆಯ ಜೀವಿಯನ್ನು ಬಹುಮಂದಿ ಹುಳುವೆಂದೇ ಭಾವಿಸಿ ಪೊರಕೆಯಿಂದ ಗುಡಿಸಿಹಾಕುತ್ತಾರೆ. ಅದು ಹುಳುವಲ್ಲ, ಕೀಟವೂ ಅಲ್ಲ. ಏಡಿ, ಸೀಗಡಿಗಳು ಸೇರಿರುವ ಕಠಿಣಚರ್ಮಿಗಳ, ಎಂದರೆ ಮೈಮೇಲೆ ಗಟ್ಟಿ ಕವಚವನ್ನು ಹೊತ್ತು ಬದುಕುವ ಪ್ರಾಣಿಗಳ ವರ್ಗಕ್ಕೆ ಸೇರಿದ ಈ ಜೀವಿಗಳನ್ನು ಪ್ರಾಣಿಶಾಸ್ತ್ರದಲ್ಲಿ ಐಸೊಪಾಡ್‌ಗಳೆಂದು ಕರೆಯುತ್ತಾರೆ. ಏಳು ಜೊತೆ ಕಾಲುಗಳೂ ಹೆಚ್ಚುಕಡಿಮೆ ಒಂದೇ ಬಗೆಯವಾಗಿರುವುದು ಇವುಗಳ ಗುರುತು. ಈ ಗಣದ ಬಂಧುಗಳು ಇಂದಿಗೂ ಸಮುದ್ರದಲ್ಲಿ ಹೇರಳವಾಗಿವೆ, ಆಳಸಾಗರದಲ್ಲಿ ಒಂದಡಿಗೂ ಮೀರಿ ಬೆಳೆಯುವ ದೈತ್ಯಜಾತಿಯೂ ಇದೆ. ಕಡಲ ಅಂಚಿನ ಬಂಡೆಗಳ ಮೇಲೆ ಅಲೆ ಬಂದಾಗ ಸರ್ರನೆ ಓಡಿ ಬಿರುಕಿನಲ್ಲಿ ಅಡಗುವ ಲಿಜಿಯಾ ಎಂಬ ಕುಲದ ಪ್ರಾಣಿಗಳು ನೀರು ಮತ್ತು ನೆಲಗಳ ನಡುವಿನ ಹಂತವನ್ನು ತೋರಿಸುತ್ತವೆ. ನೆಲದ ಮೇಲೆಯೇ ಹುಟ್ಟಿ, ಬೆಳೆದು, ಸಾಯುವ ಜಾತಿಗಳು ಜಗತ್ತಿನಲ್ಲಿ 3,700ಕ್ಕೂ ಹೆಚ್ಚು ಇದ್ದು, ಮರಿ ಮಾಡುವುದಕ್ಕೂ ನೀರಿಗೆ ಮರಳದೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ನೆಲವನ್ನು ಒಲಿಸಿಕೊಂಡ ಕಠಿಣಚರ್ಮಿಗಳ ಗುಂಪು ಇದೊಂದೇ.

ನೆಲಕ್ಕೆ ಬಂದರೂ ನೀರಿನ ಹಂಗು ಪೂರ್ತಿ ಬಿಡಲಿಲ್ಲ ಎಂಬುದೇ ಇವುಗಳ ಸಾಕಣೆಯ ಮೂಲಸೂತ್ರ. ಕೀಟಗಳ ಮೈಯನ್ನು ನೀರು ಆರಿಹೋಗದಂತೆ ಕಾಯುವ ಮೇಣದ ಪದರ ಐಸೊಪಾಡ್‌ಗಳಿಗೆ ಸರಿಯಾಗಿ ಒದಗಿಲ್ಲ. ಉಸಿರಾಟ ನಡೆಯುವುದು ಹೊಟ್ಟೆಯ ಕೆಳಗೆ ಹಲ್ಲೆಗಳಂತೆ ಜೋಡಿಸಿಕೊಂಡಿರುವ ಪ್ಲಿಯೋಪಾಡ್‌ಗಳೆಂಬ ಚಪ್ಪಟೆ ಅವಯವಗಳಿಂದ. ಪ್ರಾಣಿಯನ್ನು ಗಾಜಿನ ಮೇಲೆ ಬಿಟ್ಟು ಕೆಳಗಿನಿಂದ ನೋಡಿದರೆ ಕೆಲವು ಜಾತಿಗಳಲ್ಲಿ ಬಾಲದ ಕಡೆಗೆ ಎರಡು ಅಥವಾ ಹೆಚ್ಚು ಬಿಳಿಯ ಮಚ್ಚೆಗಳು ಕಾಣುತ್ತವೆ. ಗಾಳಿಯನ್ನು ನೇರವಾಗಿ ಹೀರಲು ರೂಪುಗೊಂಡ ಈ ಭಾಗಗಳನ್ನು ಹುಸಿಶ್ವಾಸಕೋಶಗಳು ಎನ್ನಬಹುದು. ಇವು ಒಣಗಿದರೆ ಪ್ರಾಣಿ ಉಸಿರುಗಟ್ಟಿ ಸಾಯುತ್ತದೆ, ನೀರಿನಲ್ಲಿ ಮುಳುಗಿದರೂ ಸಾಯುತ್ತದೆ. ಆದ್ದರಿಂದ ಐಸೊಪಾಡ್ ಸಾಕುವವನ ಕೆಲಸ ಪ್ರಾಣಿಯನ್ನು ಉಪಚರಿಸುವುದಕ್ಕಿಂತ ಹೆಚ್ಚಾಗಿ ಒಂದು ಹಿಡಿ ತರಗೆಲೆಯನ್ನು ಹದವಾಗಿ ಕೊಳೆಯಲು ಬಿಡುವುದೇ ಆಗಿದೆ. ಎಲೆಯ ಹದ ನೆಟ್ಟಗಿದ್ದರೆ ಉಳಿದದ್ದನ್ನು ಅವು ತಾವೇ ನೋಡಿಕೊಳ್ಳುತ್ತವೆ.

ಮಣ್ಣಿನ ಜೀವಿಗಳ ಅಧ್ಯಯನ ಈ ಸೀಮೆಗೆ ಹೊಸದೇನಲ್ಲ. ನೆಲಮಂಗಲದಿಂದ ಹೆಚ್ಚು ದೂರವಿಲ್ಲದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1978ರಲ್ಲಿಯೇ ಸಿ.ಎ. ಎಡ್ವರ್ಡ್ಸ್ ಮತ್ತು ಜಿ.ಕೆ. ವೀರೇಶ್ ಅವರ ಸಂಪಾದಕತ್ವದಲ್ಲಿ ಭಾರತದ ಮಣ್ಣಿನ ಜೀವಶಾಸ್ತ್ರವನ್ನು ಕುರಿತ ಗ್ರಂಥವೊಂದನ್ನು ಹೊರತಂದಿತು. 1988ರಲ್ಲಿ ಮಣ್ಣಿನ ಪ್ರಾಣಿಶಾಸ್ತ್ರದ ಹತ್ತನೆಯ ಅಂತರರಾಷ್ಟ್ರೀಯ ಗೋಷ್ಠಿ ಬೆಂಗಳೂರಿನಲ್ಲಿ ನೆರೆಯಿತು. ಅದೇ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಡಿ. ಕಾಳೆ ಅವರು ಎರೆಹುಳುವಿನ ಮೇಲೆ ನಡೆಸಿದ ದೀರ್ಘಕಾಲದ ಕೆಲಸದಿಂದಾಗಿ ಎರೆಗೊಬ್ಬರದ ತೊಟ್ಟಿ ಎಂಬುದು ಇಂದು ಹಳ್ಳಿಹಳ್ಳಿಗೂ ಪರಿಚಿತವಾಗಿದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕೆ.ಆರ್. ಶ್ರೀಧರ್ ಮತ್ತು ಅವರ ಸಂಗಡಿಗರು ಪಶ್ಚಿಮಘಟ್ಟದ ಆರ್ತ್ರೋಸ್ಫೇರಾ ಎಂಬ, ಮುಟ್ಟಿದೊಡನೆ ಗೋಲಿಯಾಗುವ ಸಹಸ್ರಪದಿಗಳಿಗೆ ತೋಟದ ಕಸವನ್ನು ತಿನ್ನಿಸಿ ಅವು ಕೊಡುವ ಗೊಬ್ಬರದ ಗುಣವನ್ನು ಪರೀಕ್ಷಿಸಿದ್ದಾರೆ. ಈ ಗೋಲಿಹುಳುವನ್ನೂ ಐಸೊಪಾಡನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯ, ಏಕೆಂದರೆ ಐಸೊಪಾಡ್‌ಗಳಲ್ಲಿಯೂ ಕೆಲವು ಜಾತಿಗಳು ಉಂಡೆ ಸುತ್ತಿಕೊಳ್ಳುತ್ತವೆ. ಕಾಲುಗಳನ್ನು ಎಣಿಸಿದರೆ ಸಂಶಯ ತೀರುತ್ತದೆ: ಸಹಸ್ರಪದಿಯ ಮೈಯ ಹೆಚ್ಚಿನ ಉಂಗುರಗಳಲ್ಲಿ ಎರಡೆರಡು ಜೊತೆ ಕಾಲುಗಳಿದ್ದರೆ, ಐಸೊಪಾಡಿಗೆ ಎದೆಯ ಉಂಗುರಕ್ಕೆ ಒಂದೊಂದರಂತೆ ಒಟ್ಟು ಏಳೇ ಜೊತೆ.

ಸಾಕಣೆಗೆ ಹೊರಗಿನಿಂದ ತರಿಸಿದ ಬಣ್ಣಬಣ್ಣದ ಜಾತಿಗಳೇ ಬೇಕೆಂಬ ಹಂಬಲ ಹೊರದೇಶಗಳ ಹವ್ಯಾಸಿಗಳಿಂದ ಇಲ್ಲಿಗೂ ಹಬ್ಬುತ್ತಿರುವ ಒಂದು ಶೋಕಿ. ಅದಕ್ಕೆ ಮರುಳಾಗಬೇಕಾಗಿಲ್ಲ. ಹಿತ್ತಲ ತಿಪ್ಪೆಯಲ್ಲಿ ದೊರೆಯುವ ಪ್ರಾಣಿ ಈ ಊರಿನ ಬಿಸಿಲಿಗೂ ಚಳಿಗೂ ಆಗಲೇ ಒಗ್ಗಿಕೊಂಡಿರುತ್ತದೆ. ಗೊಬ್ಬರದ ರಾಶಿಗಳನ್ನು ಹುಡುಕಿಕೊಂಡು ಮನುಷ್ಯನ ಹಿಂದೆಯೇ ಜಗತ್ತನ್ನೆಲ್ಲ ಸುತ್ತಿರುವ, ಭಾರತದಲ್ಲಿಯೂ ದಾಖಲಾಗಿರುವ ಪೋರ್ಸೆಲಿಯೊನೈಡಿಸ್ ಪ್ರುಯಿನೋಸಸ್ ಎಂಬ ಜಾತಿ ಮೊದಲ ಸಾಕಣೆಗೆ ಹೇಳಿಮಾಡಿಸಿದ್ದು. ಮೈಮೇಲೆ ವಿಭೂತಿ ಸವರಿದಂತೆ ನೀಲಿಬೂದಿಯ ತೆಳುಪುಡಿ ಇರುವ ಇದು ಉಂಡೆ ಸುತ್ತದೆ ವೇಗವಾಗಿ ಓಡಿ ತಪ್ಪಿಸಿಕೊಳ್ಳುತ್ತದೆ, ಸೆಕೆಯನ್ನು ಚೆನ್ನಾಗಿ ತಾಳುತ್ತದೆ, ಬೇಗ ಮರಿ ಮಾಡುತ್ತದೆ. ವಿದೇಶದಿಂದ ಮಣ್ಣನ್ನೂ ಜೀವಂತ ಕೀಟಗಳನ್ನೂ ತರಿಸುವುದನ್ನು 2003ರ ಸಸ್ಯ ಸಂಗರೋಧ ಆದೇಶ ನಿಯಂತ್ರಿಸುತ್ತದೆ ಎಂಬುದನ್ನೂ, ಶಿವಗಂಗೆಯ ಬೆಟ್ಟದಂಥ ಕಾಡುನೆಲಗಳಿಂದ ಪ್ರಾಣಿಗಳನ್ನು ಎತ್ತಿ ತರುವುದು ತರವಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು.

ಸಂಗ್ರಹಕ್ಕೆ ಮೃಗಶಿರಾ, ಆರಿದ್ರಾ ಮಳೆಗಳು ಬಿದ್ದ ಮೇಲಿನ ದಿನಗಳು ಪ್ರಶಸ್ತ. ಬೇಸಿಗೆಯಲ್ಲಿ ಮಣ್ಣಿನ ಬಿರುಕುಗಳ ಆಳಕ್ಕೆ ಇಳಿದಿದ್ದವು ಆಗ ಮೇಲೆ ಬಂದಿರುತ್ತವೆ. ಅರ್ಧಕ್ಕೆ ಹೆಚ್ಚಿದ ಆಲೂಗಡ್ಡೆಯ ತಿರುಳನ್ನು ಸ್ವಲ್ಪ ಕೆರೆದು ತೆಗೆದು, ಸಂಜೆ ಕತ್ತಲಾಗುವ ಹೊತ್ತಿಗೆ ತಿಪ್ಪೆಯ ತೇವದ ಮಗ್ಗುಲಲ್ಲಿ ಬೋರಲು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಅದರ ಹೊಟ್ಟೆಯೊಳಗೆ ಹಲವು ಸೇರಿಕೊಂಡಿರುತ್ತವೆ. ಬೆರಳಿನಿಂದ ಹಿಡಿದೆತ್ತಿದರೆ ಕಾಲು ಮುರಿಯುವುದರಿಂದ ಒಣಗಿದ ಎಲೆಯ ಮೇಲೆ ಹತ್ತಿಸಿಕೊಂಡು ಡಬ್ಬಿಗೆ ಕೊಡವಬೇಕು. ದೊಡ್ಡವು, ಸಣ್ಣವು ಬೆರೆತಿರುವ ಇಪ್ಪತ್ತು ಇಪ್ಪತ್ತೈದು ಪ್ರಾಣಿಗಳು ಆರಂಭಕ್ಕೆ ಧಾರಾಳ. ಹೆಣ್ಣು ಗಂಡು ಎಂದು ಆಯ್ದುಕೊಳ್ಳುವ ಗೋಜಿಗೆ ಹೋಗಬೇಕಿಲ್ಲ; ಅಷ್ಟು ಸಂಖ್ಯೆಯಲ್ಲಿ ಎರಡೂ ಸಿಕ್ಕೇ ಸಿಗುತ್ತವೆ.

ಡಬ್ಬಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಐದಾರು ಲೀಟರು ಹಿಡಿಯುವ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಎದುರುಬದುರಿನ ಎರಡು ಗೋಡೆಗಳಲ್ಲಿ, ಒಂದನ್ನು ಕೊಂಚ ಮೇಲೆ, ಇನ್ನೊಂದನ್ನು ಕೊಂಚ ಕೆಳಗೆ ಬರುವಂತೆ ಕಿಂಡಿ ಕೊರೆದು ಸೊಳ್ಳೆಪರದೆಯ ಲೋಹದ ಜಾಲರಿಯನ್ನು ಅಂಟಿಸಿದರೆ ಒಳಗೆ ಗಾಳಿ ಹಾಯುತ್ತದೆ, ಹೊರಗಿನ ನೊಣ ಒಳಬರುವುದಿಲ್ಲ. ನುಣುಪಾದ ಪ್ಲಾಸ್ಟಿಕ್ ಗೋಡೆಯನ್ನು ಇವು ಹತ್ತಲಾರವು. ಡಬ್ಬಿಯನ್ನು ನೇರ ಬಿಸಿಲು ಬೀಳದ, ಅಡುಗೆಮನೆಯ ಒಲೆಗೆ ದೂರವಾದ ಮೂಲೆಯಲ್ಲಿ, ಸಾಧ್ಯವಾದರೆ ನೆಲದ ಮಟ್ಟಕ್ಕೆ ಹತ್ತಿರ ಇಡಬೇಕು. ಈ ಸೀಮೆಯ ವರ್ಷದ ಬಹುಭಾಗದ ಹವೆ, ಎಂದರೆ 20ರಿಂದ 28 ಡಿಗ್ರಿ ಸೆಲ್ಸಿಯಸ್, ಇವುಗಳಿಗೆ ಒಗ್ಗುವಂಥದು.

ಡಬ್ಬಿಯ ತಳಕ್ಕೆ ನಾಲ್ಕು ಬೆರಳ ದಪ್ಪದ ಹಾಸು ಬೇಕು. ಗೊಬ್ಬರ, ಔಷಧ ಯಾವುದೂ ಬೀಳದ ನೆಲದ ಮೇಲ್ಮಣ್ಣು, ಮರದ ಬುಡದಲ್ಲಿ ಸಿಗುವ ಕೊಳೆತೆಲೆಯ ಪುಡಿ, ತೊಳೆದ ತೆಂಗಿನ ನಾರಿನ ಪುಡಿ ಇವುಗಳನ್ನು ಬೆರೆಸಿ ಹರಡಿದರೆ ಆಯಿತು. ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿರುವ ಸಾಧ್ಯತೆ ಇರುವುದರಿಂದ ಒಂದು ರಾತ್ರಿ ನೆನೆಸಿ, ಹಿಂಡಿ ಬಳಸುವುದು ಕ್ಷೇಮ. ಬೆರಳೊತ್ತಿದರೆ ಪುಡಿಯಾಗುವಷ್ಟು ಲಡ್ಡಾದ ಮರದ ತುಂಡೊಂದನ್ನು ಹಾಸಿನಲ್ಲಿ ಅರ್ಧ ಹೂತರೆ ಅದು ಆಹಾರವೂ ಆಗುತ್ತದೆ, ಆಸರೆಯೂ ಆಗುತ್ತದೆ. ಇದೆಲ್ಲದರ ಮೇಲೆ ತರಗೆಲೆಯ ದಪ್ಪ ಹೊದಿಕೆ.

ಯಾವ ಎಲೆ ಎಂಬುದು ನಿಜವಾದ ಪ್ರಶ್ನೆ. ಐಸೊಪಾಡಿಗೆ ಎಲೆಯಷ್ಟೇ ಆ ಎಲೆಯ ಮೇಲೆ ಬೆಳೆದ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳೂ ಆಹಾರ. ಹೊಸದಾಗಿ ಉದುರಿದ ಎಲೆಯಲ್ಲಿರುವ ಟ್ಯಾನಿನ್, ಎಂದರೆ ಚೊಗರು ಪದಾರ್ಥ, ಮಳೆಗೆ ತೊಳೆದುಹೋಗಿ, ಎಲೆ ಕಂದುಬಣ್ಣಕ್ಕೆ ತಿರುಗಿ, ಬೂಷ್ಟು ಹತ್ತಿದ ಮೇಲೆಯೇ ಅದು ರುಚಿಸುತ್ತದೆ. ಬೆಂಗಳೂರು ಗ್ರಾಮಾಂತರದ ನೆಲದಲ್ಲಿ ದಶಕಗಳಿಂದ ಸಾಲುಸಾಲಾಗಿ ನಿಂತ ನೀಲಗಿರಿಯ ಎಲೆ ಸುಲಭವಾಗಿ ಸಿಕ್ಕರೂ ಅದರ ಎಣ್ಣೆ ಮತ್ತು ಚೊಗರಿನಿಂದಾಗಿ ಈ ಕೆಲಸಕ್ಕೆ ಬಾರದು. ಹುಳುನಿವಾರಕ ಗುಣಕ್ಕೆ ಹೆಸರಾದ ಬೇವನ್ನೂ, ಅದೇ ಕಾರಣಕ್ಕೆ ಹೊಂಗೆಯನ್ನೂ ಬಿಡುವುದು ಜಾಣತನ. ಹಿಪ್ಪುನೇರಳೆಯ ಹಣ್ಣೆಲೆ ಮೃದುವಾಗಿ ಬೇಗ ಕೊಳೆಯುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಅದಕ್ಕೆ ಬರವಿಲ್ಲ. ಅತ್ತಿ, ಬಸರಿ, ಅರಳಿ, ಸೀಬೆ, ಬಾದಾಮಿ ಎಲೆಗಳು ಒಳ್ಳೆಯವು. ಹಲಸು ಮತ್ತು ಮಾವಿನ ಎಲೆಗಳು ಬಿರುಸಾದುವಾದರೂ ತಿಂಗಳುಗಟ್ಟಲೆ ಬಾಳಿಕೆ ಬರುವುದರಿಂದ ಮೃದುವಾದ ಎಲೆಗಳೊಡನೆ ಬೆರೆಸಿದರೆ ಹೊದಿಕೆ ಒಮ್ಮೆಲೇ ಕರಗುವುದಿಲ್ಲ. ಬಾಳೆಯ ಒಣಗಿದ ದಿಂಡಿನ ಪಟ್ಟೆ ತೇವವನ್ನು ಹಿಡಿದಿಡುತ್ತದೆ, ಮರಿಗಳು ಅದರ ಪದರಗಳಲ್ಲಿ ಸೇರುತ್ತವೆ. ಎಲೆಯನ್ನು ಎಲ್ಲಿಂದ ತರಬೇಕು ಎಂಬುದಕ್ಕೂ ಗಮನ ಕೊಡಬೇಕಾಗುತ್ತದೆ: ತುಮಕೂರು ಮತ್ತು ಹಾಸನದ ಹೆದ್ದಾರಿಗಳು ಕವಲೊಡೆಯುವ ಊರು ಇದಾದ್ದರಿಂದ ರಸ್ತೆಯಂಚಿನ ಮರಗಳ ಎಲೆಯ ಮೇಲೆ ವಾಹನದ ಧೂಳು ಕುಳಿತಿರುತ್ತದೆ. ಐಸೊಪಾಡ್‌ಗಳು ತಿಂದ ಆಹಾರದಲ್ಲಿನ ತಾಮ್ರ, ಸತು, ಸೀಸ, ಕ್ಯಾಡ್ಮಿಯಂಗಳಂಥ ಲೋಹಗಳನ್ನು ಜೀರ್ಣಗ್ರಂಥಿಯಲ್ಲಿ ಕೂಡಿಟ್ಟುಕೊಳ್ಳುವ ಸ್ವಭಾವದವು. ಈ ಕಾರಣಕ್ಕೇ ಯುರೋಪಿನ ವಿಜ್ಞಾನಿಗಳು ಮಣ್ಣಿನ ಮಾಲಿನ್ಯವನ್ನು ಅಳೆಯಲು ಇವನ್ನು ಬಳಸುತ್ತಾರೆ. ತಾಮ್ರ ಅವುಗಳಿಗೆ ಬೇಕಾದದ್ದೂ ಹೌದು, ಏಕೆಂದರೆ ಅವುಗಳ ರಕ್ತದಲ್ಲಿ ಆಮ್ಲಜನಕವನ್ನು ಒಯ್ಯುವ ಹೀಮೊಸಯನಿನ್ ಎಂಬ ವಸ್ತುವಿನಲ್ಲಿರುವುದು ಕಬ್ಬಿಣವಲ್ಲ, ತಾಮ್ರ.

ನೀರು ಚಿಮುಕಿಸುವಾಗ ಡಬ್ಬಿಯನ್ನೆಲ್ಲ ಒಂದೇ ಸಮನಾಗಿ ತೋಯಿಸುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಡಬ್ಬಿಯ ಮೂರರಲ್ಲಿ ಒಂದು ಭಾಗ, ಒಂದು ಮೂಲೆಯ ಕಡೆ, ಹಿಂಡಿದ ಬಟ್ಟೆಯ ಹದದಲ್ಲಿ ತೇವವಾಗಿರಬೇಕು. ಆ ಮೂಲೆಯಲ್ಲಿ ಒಂದು ಹಿಡಿ ಪಾಚಿಯನ್ನೋ ನೆನೆಸಿದ ತೆಂಗಿನ ನಾರನ್ನೋ ಇಟ್ಟರೆ ತೇವ ನಿಲ್ಲುತ್ತದೆ. ಉಳಿದ ಭಾಗ ಬರಬರುತ್ತ ಒಣಗಿರಬೇಕು. ಹೀಗೆ ತೇವದಿಂದ ಒಣನೆಲದವರೆಗೆ ಮೆಟ್ಟಿಲುಮೆಟ್ಟಿಲಾಗಿ ಹದ ಬದಲಾದರೆ ಪ್ರತಿಯೊಂದು ಪ್ರಾಣಿಯೂ ತನಗೆ ಬೇಕಾದ ಕಡೆ ಹೋಗಿ ಕುಳಿತುಕೊಳ್ಳುತ್ತದೆ, ಸಾಕುವವನು ಊಹಿಸುವ ತೊಂದರೆ ತಪ್ಪುತ್ತದೆ. ಎಲ್ಲವೂ ತೇವದ ಮೂಲೆಯಲ್ಲಿ ಒತ್ತೊತ್ತಾಗಿ ಗುಂಪುಗೂಡಿದ್ದರೆ ಡಬ್ಬಿ ಒಣಗಿದೆ ಎಂದೂ, ಒಣಭಾಗದ ಗೋಡೆಯ ಬುಡಕ್ಕೆ ಬಂದು ಅಲೆದಾಡುತ್ತಿದ್ದರೆ ನೀರು ಹೆಚ್ಚಾಗಿದೆ ಎಂದೂ ತಿಳಿಯಬಹುದು. ಭರಣಿ ಮಳೆಗೆ ಮುಂಚಿನ ಏಪ್ರಿಲ್ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ನೋಡಬೇಕಾಗಬಹುದು, ಕಾರ್ತಿಕದ ಮೋಡದ ದಿನಗಳಲ್ಲಿ ವಾರಕ್ಕೊಮ್ಮೆ ಸಾಕು. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ರಾತ್ರಿ ತೆರೆದಿಡುವುದು ವಾಡಿಕೆ. ಗಡಸು ಬೋರ್‌ವೆಲ್ ನೀರು ಹಾಸಿನ ಮೇಲೆ ಕಾಲಕ್ರಮದಲ್ಲಿ ಬಿಳಿಯ ಹೆಪ್ಪಳಿಕೆ ಬಿಡುತ್ತದೆ. ಮುಚ್ಚಳ ತೆಗೆದಾಗ ಬರುವ ವಾಸನೆಯೂ ಒಂದು ಅಳತೆಗೋಲು: ಮಣ್ಣಿನ ವಾಸನೆ ಬಂದರೆ ಕ್ಷೇಮ, ಹುಳಿಹುಳಿಯಾಗಿ ಗಬ್ಬು ಬಂದರೆ ತಳದಲ್ಲಿ ಗಾಳಿಯಾಡುತ್ತಿಲ್ಲ.

ಎಲೆಯೇ ಮುಖ್ಯ ಆಹಾರವಾದರೂ ವಾರಕ್ಕೊಮ್ಮೆ ಸೌತೆ, ಕುಂಬಳ, ಕ್ಯಾರೆಟ್ ಸಿಪ್ಪೆಯ ಒಂದು ತುಣುಕು, ಹದಿನೈದು ದಿನಕ್ಕೊಮ್ಮೆ ಪ್ರೋಟೀನಿಗಾಗಿ ಕಡಲೆಕಾಯಿ ಹಿಂಡಿಯ ಒಂದು ಚಿಟಿಕೆ ಪುಡಿ ಕೊಟ್ಟರೆ ಸಂತತಿ ಚುರುಕಾಗಿ ಬೆಳೆಯುತ್ತದೆ. ಮರುದಿನಕ್ಕೂ ಉಳಿದದ್ದನ್ನು ತೆಗೆದುಹಾಕಬೇಕು, ಇಲ್ಲದಿದ್ದರೆ ಅದಕ್ಕೆ ನುಸಿ ಮುತ್ತುತ್ತದೆ. ಹಿಕ್ಕೆಯನ್ನು ಮಾತ್ರ ಗುಡಿಸಿ ತೆಗೆಯಬಾರದು. ಐಸೊಪಾಡ್‌ಗಳು ತಮ್ಮ ಹಿಕ್ಕೆಯನ್ನು ತಾವೇ ಮತ್ತೆ ತಿನ್ನುತ್ತವೆ, ಅದರಲ್ಲಿ ಬೆಳೆದ ಸೂಕ್ಷ್ಮಜೀವಿಗಳಿಂದ ಮೊದಲ ಸಲ ದಕ್ಕದ ಸತ್ವ ಎರಡನೆಯ ಸಲ ದಕ್ಕುತ್ತದೆ.

ಕವಚ ಕಟ್ಟಲು ಸುಣ್ಣಾಂಶ ಬೇಕು, ಅದಕ್ಕಾಗಿ ತೊಳೆದು ಒಣಗಿಸಿ ಪುಡಿಮಾಡಿದ ಮೊಟ್ಟೆಯ ಸಿಪ್ಪೆ ಸಾಕು. ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನಾಗಲಿ ಗೋಡೆಗೆ ಬಳಿಯುವ ಸುಣ್ಣವನ್ನಾಗಲಿ ಹಾಕುವಂತಿಲ್ಲ, ಅದು ಸುಡುವ ಕ್ಷಾರ. ಮೊಟ್ಟೆಸಿಪ್ಪೆಯದು ಕ್ಯಾಲ್ಸಿಯಂ ಕಾರ್ಬೊನೇಟ್. ಈ ಎಚ್ಚರಿಕೆ ರೇಷ್ಮೆ ಕೃಷಿಕರಿಗೆ ವಿಶೇಷವಾಗಿ ಸಲ್ಲುತ್ತದೆ, ಏಕೆಂದರೆ ಹುಳು ಜ್ವರಕ್ಕೆ ಕೂತಾಗ, ಎಂದರೆ ಪೊರೆ ಕಳಚಲು ನಿಶ್ಚಲವಾದಾಗ, ಹಾಸಿಗೆಯನ್ನು ಒಣಗಿಸಲು ಸುಣ್ಣದ ಪುಡಿ ಉದುರಿಸುವುದು ಅವರ ರೂಢಿ. ಐಸೊಪಾಡಿನ ಪೊರೆ ಬಿಡುವ ಕ್ರಮವೇ ಬೇರೆ. ಅದು ಎರಡು ಕಂತಿನಲ್ಲಿ ನಡೆಯುತ್ತದೆ: ಮೊದಲು ಮೈಯ ಹಿಂಭಾಗದ ಕವಚ ಕಳಚಿ, ಕೆಲವು ಗಂಟೆಗಳೋ ದಿನವೋ ಕಳೆದ ಮೇಲೆ ಮುಂಭಾಗದ್ದು ಕಳಚುತ್ತದೆ. ಪೊರೆ ಬಿಡಲು ತೊಡಗುವ ಮುನ್ನ ಹಿಂಭಾಗದ ಕವಚದ ಸುಣ್ಣಾಂಶ ಕರಗಿ ಮುಂಭಾಗದ ಕಾಲುಗಳ ನಡುವೆ ಬಿಳಿಯ ಬಿಲ್ಲೆಗಳಾಗಿ ಶೇಖರವಾಗುತ್ತದೆ, ಮತ್ತು ಹೊಸ ಕವಚ ಗಟ್ಟಿಯಾಗಲು ಪುನಃ ಬಳಕೆಯಾಗುತ್ತದೆ. ಅರ್ಧ ಮೈ ಮಾಸಲು, ಅರ್ಧ ಮೈ ಹೊಳಪು ಎಂಬಂತೆ ಎರಡು ಬಣ್ಣದಲ್ಲಿ ಕಾಣುವ ಪ್ರಾಣಿಗೆ ರೋಗ ಬಂದಿದೆಯೆಂದು ಗಾಬರಿಯಾಗಬೇಕಾಗಿಲ್ಲ. ಅದು ಪೊರೆ ಬಿಡುವ ನಡುವಿನಲ್ಲಿದೆ, ಮುಟ್ಟದಿದ್ದರೆ ಆಯಿತು. ಕಳಚಿದ ಪೊರೆಯನ್ನೂ ಅದು ಹಾಳುಮಾಡದೆ ತಿನ್ನುತ್ತದೆ. ಆದರೆ ಇಡೀ ಮೈ ಅಚ್ಚ ನೀಲಿ ಅಥವಾ ನೇರಳೆಯಾಗಿ ಮಿನುಗಿದರೆ ಅದು ಬೇರೆ ಮಾತು: ಇರಿಡೊವೈರಸ್ ಎಂಬ ವೈರಾಣು ತಗುಲಿದ ಲಕ್ಷಣವದು, ಮದ್ದಿಲ್ಲ, ಆ ಪ್ರಾಣಿಯನ್ನು ಕೂಡಲೇ ಬೇರ್ಪಡಿಸಬೇಕು. ಪ್ರುಯಿನೋಸಸ್ ಜಾತಿಗೆ ಸಹಜವಾಗಿರುವ ಬೂದಿಯಂಥ ನೀಲಿಯನ್ನು ಇದರೊಡನೆ ಬೆರೆಸಿಕೊಳ್ಳಬಾರದು.

ಮರಿಗಳ ವಿಷಯದಲ್ಲಿ ಈ ಜೀವಿ ತನ್ನ ಜಲಮೂಲವನ್ನು ಮತ್ತೆ ನೆನಪಿಸುತ್ತದೆ. ಹೆಣ್ಣು ಮೊಟ್ಟೆಯನ್ನು ಎಲ್ಲಿಯೂ ಇಡುವುದಿಲ್ಲ. ಕಾಲುಗಳ ಬುಡದಿಂದ ಹೊರಟ ತೆಳು ಹಲ್ಲೆಗಳು ಒಂದರ ಮೇಲೊಂದು ಕೂಡಿ ಎದೆಯ ಕೆಳಗೆ ಒಂದು ಚೀಲವಾಗುತ್ತವೆ, ಅದರೊಳಗೆ ದ್ರವ ತುಂಬಿರುತ್ತದೆ, ಮೊಟ್ಟೆಗಳು ಅದರಲ್ಲಿ ತೇಲುತ್ತ ಮೂರು ನಾಲ್ಕು ವಾರ ಬೆಳೆಯುತ್ತವೆ. ಹೊಟ್ಟೆಯಡಿಯಲ್ಲಿ ನಸುಹಳದಿಯಾಗಿ ಉಬ್ಬಿದ ಚೀಲವಿರುವ ಹೆಣ್ಣುಗಳನ್ನು ಅಲುಗಾಡಿಸಬಾರದು. ಚೀಲದಿಂದ ಹೊರಬರುವ ಮರಿಗಳು ಬಿಳಿಯ ಚುಕ್ಕೆಗಳಷ್ಟಿದ್ದು, ಆರೇ ಜೊತೆ ಕಾಲುಗಳನ್ನು ಹೊಂದಿರುತ್ತವೆ. ಏಳನೆಯದು ಮುಂದಿನ ಪೊರೆಗಳಲ್ಲಿ ಮೂಡುತ್ತದೆ. ಗಂಡಿನ ಸಂಖ್ಯೆ ವಿಚಿತ್ರವಾಗಿ ಕಡಿಮೆಯಾಗುವ ಗುಂಪುಗಳೂ ಉಂಟು. ವೊಲ್ಬಾಕಿಯಾ ಎಂಬ, ಜೀವಕೋಶದೊಳಗೆ ನೆಲಸುವ ಬ್ಯಾಕ್ಟೀರಿಯಾ ಕೆಲವು ಜಾತಿಗಳಲ್ಲಿ ಅನುವಂಶೀಯವಾಗಿ ಗಂಡಾಗಬೇಕಾದದ್ದನ್ನು ಹೆಣ್ಣಾಗಿಸಿಬಿಡುತ್ತದೆ, ಏಕೆಂದರೆ ಅದು ಮುಂದಿನ ಪೀಳಿಗೆಗೆ ದಾಟುವುದು ತಾಯಿಯ ಮೊಟ್ಟೆಯ ಮೂಲಕ ಮಾತ್ರ. ಆರ್ಮಡಿಲಿಡಿಯಂ ವಲ್ಗೇರ್ ಎಂಬ ಯುರೋಪಿನ ಜಾತಿಯಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದನ್ನು ವಿವರವಾಗಿ ಅಭ್ಯಸಿಸಿದ್ದಾರೆ.

ಶತ್ರುಗಳಲ್ಲಿ ಮೊದಲನೆಯದು ಇರುವೆ. ಕೆಂಜಿಗವಾಗಲಿ ಗೊದ್ದವಾಗಲಿ ಒಮ್ಮೆ ದಾರಿ ಕಂಡುಕೊಂಡರೆ ರಾತ್ರಿ ಕಳೆಯುವುದರೊಳಗೆ ಡಬ್ಬಿ ಖಾಲಿ. ಹಿಂದೆ ತಿಂಡಿಯ ಬೀರುವಿನ ಕಾಲುಗಳ ಕೆಳಗೆ ನೀರಿನ ಬಟ್ಟಲಿಡುತ್ತಿದ್ದ ಉಪಾಯವೇ ಇಲ್ಲಿಯೂ ಸಾಕು. ಇರುವೆಗೆ ಗೆರೆ ಎಳೆಯುವ ವಿಷದ ಸುಣ್ಣಕಡ್ಡಿ, ಸೊಳ್ಳೆಬತ್ತಿ, ಸಿಂಪಡಿಸುವ ಕೀಟನಾಶಕ ಇವು ಅದೇ ಕೋಣೆಯಲ್ಲಿರಕೂಡದು. ಹಾಸಿನೊಡನೆ ಬಂದುಬಿಡುವ ಜರಿ ಮತ್ತು ಜೇಡಗಳನ್ನು ಆರಂಭದಲ್ಲೇ ಆಯ್ದು ತೆಗೆಯಬೇಕು. ನೀರಿನ ಹನಿ ಬಿದ್ದಾಗ ಪುಟಿಯುವ, ಬೂಷ್ಟು ತಿನ್ನುವ ಬಿಳಿಯ ಸೂಕ್ಷ್ಮ ಜೀವಿಗಳನ್ನು, ಸ್ಪ್ರಿಂಗ್‌ಟೇಲ್‌ಗಳನ್ನು, ಬಿಡಬಹುದು, ಅವು ನೆರವಿಗೇ ಬರುತ್ತವೆ.

ಮೊದಲ ಎರಡು ಮೂರು ತಿಂಗಳು ಏನೂ ನಡೆಯುತ್ತಿಲ್ಲವೆಂಬಂತೆ ಕಾಣುವುದು ಸಹಜ. ಹಗಲಿನಲ್ಲಿ ಎಲೆ ಎತ್ತಿ ಎತ್ತಿ ಎಣಿಸುವವರ ಡಬ್ಬಿ ಏಳಿಗೆಯಾಗುವುದಿಲ್ಲ. ಹೊದಿಕೆಯ ಎಲೆಗಳು ನರಗಳಷ್ಟೇ ಉಳಿದು ಜಾಲರಿಯಾಗತೊಡಗಿದರೆ ಕೆಳಗೆ ಸಂಸಾರ ಹೆಚ್ಚಿದೆ ಎಂದರ್ಥ. ಎಲೆ ತೆಳುವಾದಂತೆಲ್ಲ ಹೊಸ ಎಲೆ ಸುರಿಯಬೇಕು.

ಇದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಉಬ್ಬಿಸಿ ಹೇಳಬೇಕಾದದ್ದಿಲ್ಲ. ಗೊಬ್ಬರದ ಪ್ರಮಾಣದಲ್ಲಿ ಐಸೊಪಾಡ್ ಎರೆಹುಳುವಿಗೆ ಸಾಟಿಯಲ್ಲ, ಅದರ ಕೆಲಸ ಒರಟು ಎಲೆಯನ್ನು ಚೂರುಮಾಡಿ ಎರೆಹುಳುವಿಗೂ ಸೂಕ್ಷ್ಮಜೀವಿಗಳಿಗೂ ಒಪ್ಪಿಸುವುದು. ಗಾಜಿನ ಪೆಟ್ಟಿಗೆಯಲ್ಲಿ ಗಿಡ ಬೆಳೆಸುವವರಿಗೆ ಉದುರಿದ್ದನ್ನು ಚೊಕ್ಕಟ ಮಾಡುವ ಸಂಗಾತಿಯಾಗಿ, ಶಾಲೆಯ ವಿಜ್ಞಾನದ ಮೇಷ್ಟರಿಗೆ ಬೆಳಕು ಮತ್ತು ತೇವಕ್ಕೆ ಪ್ರಾಣಿಯ ಪ್ರತಿಕ್ರಿಯೆಯನ್ನು ಹತ್ತು ನಿಮಿಷದಲ್ಲಿ ತೋರಿಸುವ ಪಾಠೋಪಕರಣವಾಗಿ ಅದು ಒದಗುತ್ತದೆ: ಚಪ್ಪಟೆ ಡಬ್ಬಿಯ ಅರ್ಧಕ್ಕೆ ಒದ್ದೆ ಕಾಗದ, ಅರ್ಧಕ್ಕೆ ಒಣಕಾಗದ ಹಾಸಿ ಹತ್ತು ಪ್ರಾಣಿಗಳನ್ನು ನಡುವೆ ಬಿಟ್ಟರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಸಸಿಮಡಿ ಮತ್ತು ಪಾಲಿಹೌಸ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೊಳೆತ ಎಲೆ ಸಾಲದೆ ಹೋದಾಗ ಇವು ಎಳೆ ಮೊಳಕೆಗಳನ್ನು ಕಡಿಯುವುದುಂಟು. ಉಳುಮೆಯಿಲ್ಲದ ಬೇಸಾಯವಿರುವ ಅರ್ಜೆಂಟೀನಾದ ಸೋಯಾ ಹೊಲಗಳಲ್ಲಿ ಆರ್ಮಡಿಲಿಡಿಯಂ ಬೆಳೆಪೀಡೆಯ ಪಟ್ಟಿಗೇ ಸೇರಿದೆ.

ಐದಾರು ತಿಂಗಳ ಮೇಲೆ ಡಬ್ಬಿ ಕಿಕ್ಕಿರಿದರೆ ಪಾಲು ಮಾಡಬಹುದು. ಪ್ರಾಣಿಗಳನ್ನು ಒಂದೊಂದಾಗಿ ಹೆಕ್ಕದೆ, ಲಡ್ಡು ಮರದ ತುಂಡನ್ನೂ ಹಾಸಿನ ಮೂರರಲ್ಲೊಂದು ಭಾಗವನ್ನೂ ಎಲೆಯ ಸಮೇತ ಎತ್ತಿ ಹೊಸ ಡಬ್ಬಿಗೆ ಸುರಿದರೆ ಮರಿಗಳೂ, ಅವುಗಳ ಆಹಾರವಾದ ಬೂಷ್ಟೂ, ಬ್ಯಾಕ್ಟೀರಿಯಾವೂ ಒಟ್ಟಿಗೇ ಸಾಗುತ್ತವೆ. ಹಳೆಯ ಡಬ್ಬಿಗೆ ತೆಗೆದಷ್ಟೇ ಹೊಸ ಹಾಸನ್ನು ತುಂಬಿ, ಮೇಲೆ ಹಿಂದಿನ ವರ್ಷದ ಹಲಸಿನೆಲೆ ಹೊದಿಸಿ, ತೇವದ ಮೂಲೆಗೆ ಒಂದು ಲೋಟ ನೀರು ಹನಿಸಿ ಮುಚ್ಚಿಟ್ಟರೆ ಮತ್ತೆ ಕೆಲವು ದಿನ ಅದರ ಗೊಡವೆಗೆ ಹೋಗಬೇಕಾಗಿಲ್ಲ.